ಹಗ್ಗದ ಕಾಕ ಹೇಳಿದ ‘ಬೇಡ’

ಕಾಕನ ಅಂಗೈಗಳಲ್ಲಿ ಗೆರೆಗಳೇ ಇರಲಿಲ್ಲ. ಹುರಿಹಗ್ಗ ಎಳೆದು, ಸುತ್ತಿ, ಗಂಟು ಬಿಗಿದು ಆ ಕೈಗಳು ಒಣಗಿದ ತೆಂಗಿನ ಸಿಪ್ಪೆಯ ಬಣ್ಣಕ್ಕೆ ತಿರುಗಿದ್ದವು. ಮುಟ್ಟಿದರೆ ಹಳೆಯ ಮಣೆಯ ಹಾಗೆ ನುಣುಪು. ಒಮ್ಮೆ ಕೈ ನೋಡಿ ಭವಿಷ್ಯ ಹೇಳುವವನೊಬ್ಬ ಅಂಗಡಿಗೆ ಬಂದು, ಆ ಅಂಗೈಯನ್ನು ಬೆಳಕಿಗೆ ತಿರುವಿ ಮುರುವಿ ನೋಡಿ, “ಇದರಲ್ಲಿ ಓದುವುದಕ್ಕೆ ಎಂತದೂ ಇಲ್ಲವಲ್ಲ ಬ್ಯಾರಿ” ಅಂದ. “ಹಾಗಾದರೆ ಇಬ್ಬರಿಗೂ ಸುಖ” ಅಂದರು ಕಾಕ, “ನೀನು ಹೋಗು, ನಾನು ಹಗ್ಗ ಸುತ್ತುತ್ತೇನೆ.”

ಬಂಟ್ವಾಳದ ಪೇಟೆಯನ್ನು ಕೊಂದದ್ದು ಆ ಕೈಗಳು ಎಂದು ಈಗ ಜನ ಹೇಳುತ್ತಾರೆ. ಪೇಟೆಯಿಂದ ಸ್ವಲ್ಪ ಆಚೆಯ ಜೋಡುಮಾರ್ಗದಲ್ಲಿ ಬಸ್ಸಿಗೆ ಕಾಯುವ ಯಾರನ್ನು ಕೇಳಿದರೂ ಕಥೆ ಒಂದೇ. ಹಳೆ ಪೇಟೆಯ ರಸ್ತೆ ಅಗಲ ಮಾಡಲು ಸರಕಾರ ತಯಾರಿತ್ತಂತೆ. ಊರಿಡೀ ಒಪ್ಪಿತ್ತಂತೆ. ಹಗ್ಗದ ಅಂಗಡಿಯ ಬ್ಯಾರಿ ಒಬ್ಬ ಹಠ ಹಿಡಿದನಂತೆ. ಕೆಲಸ ಜೋಡುಮಾರ್ಗಕ್ಕೆ ಹೋಯಿತಂತೆ, ಪೇಟೆ ಒಣಗಿತಂತೆ. ಪೇಟೆ ಒಣಗಿದ್ದು ನಿಜ, ಅದನ್ನು ಕಣ್ಣಿದ್ದವರು ಯಾರು ಬೇಕಾದರೂ ನೋಡಬಹುದು. ಆದರೆ ‘ಊರಿಡೀ ಒಪ್ಪಿತ್ತು’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆಂದರೆ ಊರಿನ ಒಪ್ಪಿಗೆ ಕೇಳಿದ ಸಭೆ ನಡೆದದ್ದು ನಮ್ಮ ಹೋಟೆಲಿನಲ್ಲಿ, ಮತ್ತು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ್ದೇನೆ.

ನಮ್ಮ ಹೋಟೆಲಿಗೂ ಕಾಕನ ಅಂಗಡಿಗೂ ನಡುವೆ ಇದ್ದದ್ದು ಪೇಟೆಯ ರಸ್ತೆ ಮಾತ್ರ. ಅದು ಎಷ್ಟು ಇಕ್ಕಟ್ಟೆಂದರೆ, ಬಸ್ಸು ಬಂತೆಂದರೆ ಅಪ್ಪ ಗೋಳಿಬಜೆಯ ತಟ್ಟೆಯನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಇಲ್ಲದಿದ್ದರೆ ಕಿಟಕಿಯಿಂದ ಕೈ ಹಾಕುವವರಿದ್ದರು. ಕಾಕ ಹಗ್ಗ, ಚಾಪೆ, ದನ ಕಟ್ಟುವ ಕಣ್ಣಿ ಮಾರುತ್ತಿದ್ದರು. ಮಾರುವ ಕ್ರಮ ವಿಚಿತ್ರ. “ಈ ಹಗ್ಗ ಬಾವಿಗೆ ಎರಡು ಮಳೆಗಾಲ ಬಂದೀತಾ?” ಎಂದು ಯಾರಾದರೂ ಕೇಳಿದರೆ ಬೇರೆ ಅಂಗಡಿಯವರು, “ನೋಡುವ, ಬಂದೀತು” ಅನ್ನುವರು. ಕಾಕ, “ಬರುವುದಿಲ್ಲ” ಅನ್ನುವರು. ಗಿರಾಕಿ ಮುಖ ಸಣ್ಣ ಮಾಡಿಕೊಂಡು ಹೋಗುವನು.

‘ನೋಡುವ’ ಎಂಬ ಮಾತನ್ನು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಎದುರಿಗೆ ಬಂದವರ ಮುಖಕ್ಕೆ ‘ಇಲ್ಲ’ ಅನ್ನುವುದು ಮರ್ಯಾದೆಯಲ್ಲ. ಸಾಲ ಕೇಳಲಿ, ಮಗಳನ್ನು ಕೇಳಲಿ, ‘ನೋಡುವ’ ಎಂದು ಕಳಿಸುತ್ತೇವೆ. ಕೇಳಿದವರಿಗೆ ಅರ್ಥವಾಗುತ್ತದೆ, ಯಾರಿಗೂ ನೋವಾಗುವುದಿಲ್ಲ. ಕಾಕನ ಬಾಯಲ್ಲಿ ಮಾತ್ರ ಆ ಶಬ್ದ ಇರಲಿಲ್ಲ. ಉಂಟು, ಇಲ್ಲ, ಬೇಕು, ಬೇಡ. ಅಷ್ಟರಲ್ಲೇ ಅವರ ಸಂಸಾರ, ವ್ಯಾಪಾರ ಎರಡೂ ನಡೆಯುತ್ತಿದ್ದವು.

ನಾನು ಆಗ ಮಂಗಳೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ. ವಿಷಯ ಕೊಟ್ಟರೆ ಪರವೂ ಮಾತಾಡುವೆ, ವಿರೋಧವೂ ಮಾತಾಡುವೆ. ರಜೆಗೆ ಬಂದಾಗ ಕಾಕನ ಅಂಗಡಿಯ ಚಾಪೆಗಳ ಮೇಲೆ ಕೂತು ಅಭ್ಯಾಸ. ಅವರು ಹಗ್ಗ ಸುತ್ತುತ್ತಾ ಕೇಳುವರು.

“ನಿನ್ನೆ ಬೇಕು ಅಂದಿ. ಇವತ್ತು ಅದೇ ಬೇಡ ಅಂತಿ. ಎರಡಕ್ಕೂ ಬಹುಮಾನ ಉಂಟಾ ಮಗಾ?”

“ಉಂಟು ಕಾಕ. ಹೋದ ಸಲ ಎರಡರಲ್ಲೂ ಗೆದ್ದೆ.”

“ಹಾಗಾದರೆ ನಿನ್ನನ್ನು ಮಂತ್ರಿ ಮಾಡುವುದೇ ಒಳ್ಳೆಯದು. ಹಗ್ಗದ ಅಂಗಡಿ ನಿನ್ನ ಕೈಯಲ್ಲಿ ಆಗುವುದಿಲ್ಲ.”

ನನಗೆ ಸಿಟ್ಟು ಬರುತ್ತಿತ್ತು. ವಾದಕ್ಕೆ ಕಾರಣ ಬೇಕು, ಕಾರಣಕ್ಕೆ ಆಧಾರ ಬೇಕು ಎಂದು ನಾನು ವಿವರಿಸುತ್ತಿದ್ದೆ. ಅವರು ತಲೆ ಅಲ್ಲಾಡಿಸುತ್ತಿದ್ದರು, ಒಪ್ಪಿಯೋ ಒಪ್ಪದೆಯೋ ಹೇಳುವುದು ಕಷ್ಟ.

ಆಗ ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಕೆಲವು ವರ್ಷವಾಗಿತ್ತು. ಘಟ್ಟದ ಮೇಲಿನ ಅಧಿಕಾರಿಗಳು ಬರತೊಡಗಿದ್ದರು. ಹಾಗೆ ಬಂದವರೊಬ್ಬರು ಇಂಜಿನಿಯರ್. ಒಳ್ಳೆಯ ಮನುಷ್ಯ, ಅದನ್ನು ಹೇಳಲೇಬೇಕು. ರಸ್ತೆಯ ಎರಡೂ ಬದಿಯ ಅಂಗಡಿಗಳ ಎದುರುಭಾಗ ಒಡೆದು ಪೇಟೆಯನ್ನು ಅಗಲ ಮಾಡುವುದು, ಸಾಲಾಗಿ ಹೊಸ ಅಂಗಡಿ ಕಟ್ಟುವುದು ಯೋಜನೆ. “ಇಲ್ಲಿರೋ ಜನರ ಇಷ್ಟ ಕೇಳದೆ ನಾನು ಒಂದು ಇಟ್ಟಿಗೇನೂ ತೆಗೆಸೋದಿಲ್ಲ” ಎಂದು ಅವರು ನಮ್ಮ ಹೋಟೆಲಿನಲ್ಲೇ ಅಂಗಡಿಯವರ ಸಭೆ ಕರೆದರು.

ಅದರ ಹಿಂದಿನ ಒಂದು ವಾರ ಪೇಟೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿರಲಿಲ್ಲ. ಅರ್ಧ ಒಡೆದ ಅಂಗಡಿಯಲ್ಲಿ ಸಾಮಾನು ಇಡುವುದೆಲ್ಲಿ, ಕಟ್ಟಿ ಮುಗಿಯುವ ತನಕ ವ್ಯಾಪಾರ ಎಲ್ಲಿ? ಪಾತ್ರೆ ಅಂಗಡಿಯ ಧಣಿಗಳಂತೂ ದಿನಾ ಬೆಳಿಗ್ಗೆ ಚಾ ಕುಡಿಯುತ್ತಾ, “ನನ್ನ ಹೆಣದ ಮೇಲೆ ರಸ್ತೆ ಮಾಡಲಿ ಅವರು” ಅನ್ನುತ್ತಿದ್ದರು. ಅಪ್ಪ ಅವರಿಗೆ ಇನ್ನೊಂದು ಚಾ ಕೊಟ್ಟು ಹೌದು ಹೌದು ಅನ್ನುತ್ತಿದ್ದರು.

ಸಭೆಯ ದಿನ ಬೆಂಚುಗಳು ತುಂಬಿದವು. ಇಂಜಿನಿಯರ್ ನಕ್ಷೆ ಹಾಸಿ ಎಲ್ಲವನ್ನೂ ವಿವರಿಸಿದರು. ಆಮೇಲೆ ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ಮೊದಲು ಪಾತ್ರೆ ಅಂಗಡಿಯ ಧಣಿಗಳು.

“ಏನಂತೀರಾ ಸ್ವಾಮಿ, ಮಾಡಿ ನೋಡೋಣವಾ?”

ಧಣಿಗಳು ಎದ್ದು ನಿಂತು ಕೈ ಮುಗಿದರು. “ನೋಡುವ” ಅಂದರು.

ನಾನು ಬಾಗಿಲಲ್ಲಿ ಬೆಚ್ಚಿದೆ. ಧಣಿಗಳು ಹೇಳಿದ್ದು ‘ಇಲ್ಲ’ ಎಂದು ಆ ಹೋಟೆಲಿನಲ್ಲಿದ್ದ ಎಲ್ಲರಿಗೂ ಗೊತ್ತು, ಒಬ್ಬರನ್ನು ಬಿಟ್ಟು. ಘಟ್ಟದ ಮೇಲಿನವರಿಗೆ ಇಷ್ಟು ಮಾತ್ರ ಯಾರೋ ಕಲಿಸಿಕೊಟ್ಟಿದ್ದರು: ಇಲ್ಲಿಯವರು ಹೋಗೋಣ ಅನ್ನುವುದಕ್ಕೆ ‘ಹೋಗುವ’ ಅನ್ನುತ್ತಾರೆ, ಮಾಡೋಣ ಅನ್ನುವುದಕ್ಕೆ ‘ಮಾಡುವ’. ಮಾಡಿ ನೋಡೋಣವಾ ಎಂದು ಕೇಳಿದವರಿಗೆ ‘ನೋಡುವ’ ಎಂಬ ಉತ್ತರ ಬಂದಿತ್ತು. ವ್ಯಾಕರಣದ ಪ್ರಕಾರ ಅದು ಒಪ್ಪಿಗೆ. ಇಂಜಿನಿಯರರ ಮುಖ ಅರಳಿತು. ಅವರು ಮುಂದಿನವರ ಕಡೆ ತಿರುಗಿದರು. ನೋಡುವ. ಅವರ ಮುಂದಿನವರು, ನೋಡುವ. ನನಗೆ ಕೂಗಿ ಹೇಳಬೇಕೆನಿಸಿತು. ಗಂಡಸರ ಸಭೆಯಲ್ಲಿ ಅಡುಗೆಮನೆಯ ಬಾಗಿಲಿನಿಂದ ಹುಡುಗಿಯ ಮಾತು ಬರುವ ಕ್ರಮ ಇರಲಿಲ್ಲ. ಅಪ್ಪ ಒಮ್ಮೆ ನನ್ನ ಕಡೆ ನೋಡಿದ ನೋಟದಲ್ಲಿ ಅದು ಸ್ಪಷ್ಟವಿತ್ತು. ಅಪ್ಪನ ಸರದಿ ಬಂತು. ಅವರೂ ಅದನ್ನೇ ಹೇಳಿದರು.

ಕೊನೆಗೆ ಕಾಕ.

“ಬೇಡ” ಅಂದರು.

ಧಣಿಗಳು, “ಎಂತ ಕಾಕ, ದೊಡ್ಡವರ ಎದುರಿಗೆ ಹೀಗಾ ಮಾತಾಡುವುದು” ಅಂದರು.

“ಯಾಕೆ ಬೇಡ? ಕಾರಣ ಹೇಳಿ” ಅಂದರು ಇಂಜಿನಿಯರ್.

“ನೀವು ಮೊದಲು ಮಾಡಿ ನೋಡೋಣವಾ ಅಂತ ಕೇಳಿದ್ದು ಸಾರ್. ಯಾಕೆ ಅಂತ ಕೇಳಲಿಲ್ಲ. ನಾನು ಇಲ್ಲಿ ಕೂತಿದ್ದೇನೆ. ನನಗೆ ಇಲ್ಲಿ ಹೀಗೆಯೇ ಕೂತುಕೊಳ್ಳಬೇಕು.”

ಚರ್ಚಾಸ್ಪರ್ಧೆಯಲ್ಲಾದರೆ ಇದಕ್ಕೆ ಒಂದು ಅಂಕವೂ ಬರುತ್ತಿರಲಿಲ್ಲ. ನಾನು ಅಂದು ಸಂಜೆಯೇ ಹೋಗಿ ಹೇಳಿದೆ. ಕಾರಣ ಎಷ್ಟಿತ್ತು ಕಾಕ, ಒಂದನ್ನಾದರೂ ಹೇಳಬಾರದಿತ್ತಾ? ಅವರು ಹುರಿಯ ಎಳೆಯೊಂದನ್ನು ಹಲ್ಲಿನಿಂದ ಕಡಿದು ಹೇಳಿದರು: “ಕಾರಣ ಹೇಳಿದರೆ ಅವರು ಅದಕ್ಕೆ ಉತ್ತರ ತರ್ತಾರೆ ಮಗಾ. ಉತ್ತರ ಸರಿ ಉಂಟು ಅಂತಾದರೆ ನನಗೆ ಬೇಕು ಅಂತ ಆಗ್ತದಾ?”

ಕಾಕ ಹೇಳಿದ್ದೇ ಪೇಟೆಗೆ ಒಳ್ಳೆಯದಿತ್ತು ಎಂದು ನಾನು ವಾದಿಸುತ್ತಿಲ್ಲ. ಎದುರೆದುರು ಬಂದ ಎರಡು ಬಸ್ಸುಗಳಲ್ಲಿ ಒಂದು ಹಿಂದೆ ಸರಿಯಲೇಬೇಕಾದ ರಸ್ತೆ ಅದು. ನನ್ನ ತಕರಾರು ಬೇರೆ.

ಒಂದು ತಿಂಗಳಿಗೆ ಕೂಲಿಯವರು ಬಂದು ಅಂಗಡಿಗಳ ಗೋಡೆಗಳಿಗೆ ಕೆಂಪು ಬಣ್ಣದ ಗೆರೆ ಎಳೆದರು. ಎಲ್ಲಿಯ ತನಕ ಒಡೆಯುವುದು ಎಂಬ ಗುರುತು. ಆಗ ಪೇಟೆಗೆ ಎಚ್ಚರವಾಯಿತು. ಸಂಜೆ ನಮ್ಮ ಹೋಟೆಲಿನಲ್ಲಿ ಎಲ್ಲರೂ ಸೇರಿ ಕಾಕನನ್ನು ಕರೆಸಿದರು.

“ನೀವು ಹೇಗೂ ಬೇಡ ಅಂದಿದ್ದೀರಿ ಕಾಕ. ತಕರಾರು ಅರ್ಜಿ ನೀವೇ ಕೊಡಿ” ಅಂದರು ಧಣಿಗಳು. “ನಾವೆಲ್ಲ ಹಿಂದೆ ಇದ್ದೇವೆ.”

“ಎಷ್ಟು ಹಿಂದೆ?” ಅಂದರು ಕಾಕ.

ಒಬ್ಬಿಬ್ಬರು ನಕ್ಕರು. ಕಾಕ ನಗಲಿಲ್ಲ. “ಬದಿಯಲ್ಲಿ ಬನ್ನಿ. ಹಿಂದೆ ಇದ್ದವರು ನನಗೆ ಕಾಣುವುದಿಲ್ಲ.”

“ಬರುವ, ಬರುವ” ಅಂದರು ಎಲ್ಲರೂ. ಅರ್ಜಿ ಹೋಯಿತು, ಕಾಕನ ಒಂದೇ ಸಹಿಯಲ್ಲಿ.

ಇಂಜಿನಿಯರ್ ಮತ್ತೆ ಬಂದರು. ಈ ಸಲ ಅವರ ಮುಖದಲ್ಲಿ ನಗು ಇರಲಿಲ್ಲ. ಚಾ ಕೂಡ ಮುಟ್ಟದೆ ಕಾಕನನ್ನು ನಮ್ಮ ಹೋಟೆಲಿಗೆ ಕರೆಸಿ, ಎಲ್ಲರ ಎದುರು ಹೇಳಿದರು: “ಇಡೀ ಪೇಟೆ ಒಪ್ಪಿದೆ. ನೀವೊಬ್ಬರೇ ಅಡ್ಡ. ಸರೀನಾ ಇದು?”

ಕಾಕ ಬೆಂಚುಗಳ ಕಡೆ ಕಣ್ಣು ಹಾಯಿಸಿದರು. ಧಣಿಗಳು ಗ್ಲಾಸಿನ ತಳ ನೋಡುತ್ತಿದ್ದರು. ಅಪ್ಪ ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಿದ್ದರು.

“ಇನ್ನೊಂದು ಸಲ ಕೇಳಿ ಸಾರ್. ಆದರೆ ನೋಡೋಣವಾ ಅಂತ ಕೇಳಬೇಡಿ” ಅಂದರು ಕಾಕ. “ಬೇಕಾ ಬೇಡವಾ ಅಂತ ಕೇಳಿ.”

ಇಂಜಿನಿಯರ್ ಅಪ್ಪನ ಕಡೆ ತಿರುಗಿದರು. “ಹೇಳ್ರೀ ಶೆಟ್ರೇ, ಬೇಕಾ ಬೇಡವಾ?”

ಅಪ್ಪನ ಕೈ ನಿಂತಿತು. ಒಂದು ಶಬ್ದ ಸಾಕಿತ್ತು. ಅಪ್ಪ ಅಂದರು: “ನಮ್ಮದೆಂತ ಉಂಟು ಸಾರ್. ಊರಿಗೆ ಆದದ್ದು ನಮಗೂ.”

ಧಣಿಗಳು ಹೌದೆಂದು ತಲೆಯಾಡಿಸಿದರು. ಕಾಕ ಎದ್ದು ರಸ್ತೆ ದಾಟಿದರು.

ಮುಂದಿನದು ಎಲ್ಲರಿಗೂ ಗೊತ್ತು. ಜೋಡುಮಾರ್ಗದಲ್ಲಿ ಬೇಕಾದಷ್ಟು ಖಾಲಿ ಜಾಗ ಇತ್ತು. ಹೊಸ ಅಂಗಡಿಗಳ ಸಾಲು ಅಲ್ಲಿ ಎದ್ದಿತು, ಬಸ್ಸುಗಳು ಅಲ್ಲೇ ನಿಂತವು. ಒಬ್ಬ ಹಗ್ಗದ ವ್ಯಾಪಾರಿಯ ಅರ್ಜಿಗೆ ಹೆದರಿ ಸರಕಾರ ಓಡಿತು ಎನ್ನುವವರನ್ನು ನಾನು ಕೇಳುತ್ತೇನೆ: ಒಡೆಯುವ ಖರ್ಚಿಲ್ಲದ, ತಕರಾರಿಲ್ಲದ ಜಾಗ ಹತ್ತಿರವೇ ಇರುವಾಗ ಯಾವ ಸರಕಾರ ಪೇಟೆಯ ಇಕ್ಕಟ್ಟಿಗೆ ಬಂದು ಕೈ ಹಾಕುತ್ತದೆ? ಕಾಕನ ‘ಬೇಡ’ಕ್ಕೆ ಅಷ್ಟು ಬಲ ಇದ್ದಿದ್ದರೆ, ಅಂಗಡಿಗಳು ಜೋಡುಮಾರ್ಗಕ್ಕೆ ಹೊರಟಾಗ ಅವರು ‘ಹೋಗಬೇಡಿ’ ಅಂದದ್ದಕ್ಕೆ ಪೇಟೆಯವರು ನಿಲ್ಲಬೇಕಿತ್ತು. ಯಾರು ನಿಂತರು? ಮೊದಲು ಹೋದವರು ಧಣಿಗಳು. ಮರುವರ್ಷ ನಾವು.

ಆ ನಡುವೆ ನನಗೊಂದು ಸಂಬಂಧ ಬಂದಿತ್ತು, ಬೆಳ್ತಂಗಡಿಯ ಹತ್ತಿರ ಲಾಯಿಲದಿಂದ. ದೊಡ್ಡ ಮನೆ, ಗದ್ದೆ, ಹುಡುಗನಿಗೆ ಮುಂಬಯಿಯಲ್ಲಿ ಹೋಟೆಲು. ಅಪ್ಪ ಅವರಿಗೂ ‘ನೋಡುವ’ ಅಂದಿದ್ದರು. ಆದರೆ ಈ ಸಲ ಹುಡುಗನ ಕಡೆಯವರು ಅದನ್ನು ತಮಗೆ ಬೇಕಾದ ಹಾಗೆ ತಿಳಿದುಕೊಂಡು ಪುನಃ ಬರುವವರಿದ್ದರು, ಅಪ್ಪನಿಗೂ ಮನಸ್ಸು ವಾಲುತ್ತಿತ್ತು. ನಾನು ಕಾಕನ ಚಾಪೆಗಳ ಮೇಲೆ ಕೂತು, ಓದು ಮುಗಿಯಬೇಕು, ಕಾನೂನು ಕಲಿಯಬೇಕು, ಹುಡುಗನ ವಯಸ್ಸು ಜಾಸ್ತಿ ಎಂದು ವಾದ ಮಂಡಿಸುತ್ತಾ ಹೋದೆ. ಅವರು ಮುಗಿಯುವ ತನಕ ಕಾದರು.

“ನಿನಗೆ ಬೇಕಾ ಅಂತ ಕೇಳಿದರೆ ಎಂತ ಹೇಳ್ತಿ?”

ನಾನು ಮತ್ತೆ ಶುರುಮಾಡಿದೆ. ಅವರು ಕೈ ಎತ್ತಿದರು. “ಬೇಕಾ ಅಂತ ಕೇಳಿದ್ದು ಮಾರಾಯ್ತಿ.”

“ಬೇಡ” ಅಂದೆ.

“ಅದನ್ನು ಮನೆಗೆ ಹೋಗಿ ಹೇಳು. ಇಲ್ಲಿ ನನಗೆ ಹೇಳಿ ಎಂತ ಪ್ರಯೋಜನ?”

ಹೋಗಿ ಹೇಳಿದೆ. ಕಾರಣ ಕೇಳಿದರು, ಕೊಡಲಿಲ್ಲ. ಅಮ್ಮ ಅತ್ತರು, ಅಪ್ಪ ತುಂಬ ದಿನ ಮಾತು ಬಿಟ್ಟರು. ನಾನು ಇವತ್ತು ಕಾನೂನು ಓದುತ್ತಿರುವುದು ಆ ಒಂದು ಶಬ್ದದಿಂದ. ಎಷ್ಟೋ ಸ್ಪರ್ಧೆಗಳಲ್ಲಿ ಗೆದ್ದ ನನ್ನ ಬಾಯಿಗೆ ಅದನ್ನು ಕಲಿಸಿದ್ದು ಅವರು.

ಪೇಟೆಯಲ್ಲಿ ಕಾಕ ಉಳಿದರು. ಎದುರಿನ ನಮ್ಮ ಹೋಟೆಲಿಗೆ ಬೀಗ, ಪಕ್ಕದಲ್ಲಿ ಬೀಗ. ಜೋಡುಮಾರ್ಗದಿಂದ ಯಾರಾದರೂ ಹಗ್ಗಕ್ಕೆಂದು ಬಂದರೆ, “ನಿನ್ನಿಂದಾಗಿ ಇಷ್ಟು ದೂರ ನಡೆಯಬೇಕಾಯಿತು ಬ್ಯಾರಿ” ಎಂದು ಕುಟುಕುತ್ತಿದ್ದರು. ಕಾಕ, “ಹಗ್ಗ ಬೇಕಾ?” ಎಂದಷ್ಟೇ ಕೇಳುತ್ತಿದ್ದರು.

ಹೋದ ತಿಂಗಳು ಅವರು ತೀರಿಕೊಂಡರು. ನಮಾಜಿಗೆ ಹೋಗಿ ಬಂದು ಅಂಗಡಿಯಲ್ಲೇ ಒರಗಿದವರು ಏಳಲಿಲ್ಲ. ದಫನಕ್ಕೆ ಜೋಡುಮಾರ್ಗದಿಂದ ತುಂಬ ಜನ ಹೋಗಿದ್ದರು, ಅಪ್ಪನೂ ಹೋಗಿದ್ದರು. ಸಂಜೆ ನಮ್ಮ ಹೊಸ ಹೋಟೆಲಿನಲ್ಲಿ ಧಣಿಗಳು ಚಾ ಹೀರುತ್ತಾ, ಪುಂಜಾಲಕಟ್ಟೆಯಿಂದ ಬಂದ ಯಾರಿಗೋ ಅದೇ ಕಥೆ ಹೇಳಿದರು. ಒಳ್ಳೆಯ ಮನುಷ್ಯ, ಆದರೆ ಅವನೊಬ್ಬನ ಹಠದಿಂದ ಪೇಟೆ ಹೋಯಿತು. ನಾವೆಲ್ಲ ಒಪ್ಪಿದ್ದೆವು, ಶೆಟ್ರನ್ನೇ ಕೇಳಿ.

ಅಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಹೌದೆಂದು ತಲೆಯಾಡಿಸಿದರು.

ನಾನು ಈ ಸಲ ಅಡುಗೆಮನೆಯ ಬಾಗಿಲಲ್ಲಿ ನಿಲ್ಲಲಿಲ್ಲ. ಹೊರಗೆ ಬಂದು, ಎಲ್ಲರಿಗೂ ಕೇಳುವ ಹಾಗೆ ಕೇಳಿದೆ:

“ಅಪ್ಪ, ಆ ದಿನ ನಿಮಗೆ ಬೇಕಿತ್ತಾ?”