ರಿಸ್ಕರ್ ಪಟ್ಟ

ಆ ರಟ್ಟಿನ ಕಾರ್ಖಾನೆಯಲ್ಲಿ ಉರುಳೆಗೆ ಒದ್ದೆ ಹಾಳೆ ಸುತ್ತಿಕೊಂಡರೆ ಯಂತ್ರ ನಿಲ್ಲಿಸಿ ಬಿಡಿಸಬೇಕು. ಯಾರೂ ನಿಲ್ಲಿಸುತ್ತಿರಲಿಲ್ಲ. ತಿರುಗುವಾಗಲೇ ಕೈ ಹಾಕಿ ಕಿತ್ತು ತೆಗೆಯುವವನಿಗೆ 'ರಿಸ್ಕರ್' ಎಂದು ಹೆಸರು. ಯಾವ ಇಂಗ್ಲಿಷ್ ಮೇಷ್ಟ್ರೂ ಒಪ್ಪದ ಮಾತು. ಮೇಸ್ತ್ರಿಯ ಬಾಯಲ್ಲಿ ಹುಟ್ಟಿದ್ದು. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನವನು 'ಡೇರಿಂಗು'. ಸ್ವಿಚ್ಚಿನ ಕಡೆ ನೋಡಿದವನು 'ಸೇಫ್ಟಿ'. ಅದು ಬೈಗುಳ. ಕೂಲಿ ಏರಿಸಿ ಎಂದರೆ ಮುಖ ತಿರುಗಿಸುವ ಧಣಿಗೆ ಈ ಬಿರುದುಗಳೆಲ್ಲ ಪುಕ್ಕಟೆ.

ರಟ್ಟಿನ ಕಟ್ಟು ಬಿಗಿಯುತ್ತಿದ್ದವಳನ್ನು ಎಲ್ಲರೂ ಕಟ್ಟಕ್ಕ ಎನ್ನುತ್ತಿದ್ದರು. ಆಕೆಯ ಗಂಡ ರಿಸ್ಕರ್ ಆಗಿದ್ದ. ಉರುಳೆ ಅವನನ್ನು ಭುಜದವರೆಗೂ ಎಳೆದುಕೊಂಡಿತು. ಅವನು ಹೋದ ಮೇಲೂ ಆಕೆ ಅದೇ ಶೆಡ್ಡಿನಲ್ಲಿ ಕೂತಳು, ಹೊಟ್ಟೆ ಕೇಳಬೇಕಲ್ಲ. ಉರುಳೆ ಕಿರುಗುಟ್ಟಿದಾಗಲೆಲ್ಲ ಅವನು ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಂಡಂತೆ ಕೇಳುತ್ತಿತ್ತು. ಮಾತು ಮಾತ್ರ ಬರುತ್ತಿರಲಿಲ್ಲ. ಕರೆಂಟು ಹೋದರೂ ಅದು ಒಮ್ಮೆಲೇ ನಿಲ್ಲುತ್ತಿರಲಿಲ್ಲ, ಒಳಗಿನಿಂದ ಯಾರೋ ತಿರುಗಿಸುವಂತೆ ಮೆಲ್ಲಗೆ ಸುತ್ತುತ್ತಿತ್ತು. ಆಗ ಗಂಡಸರು ನೀರು ಕುಡಿಯುವ ನೆಪ ಹೇಳಿ ಹೊರಗೆ ಜಾರುತ್ತಿದ್ದರು.

ಖಾಲಿಯಾದ ಪಟ್ಟಕ್ಕೆ ಮೇಸ್ತ್ರಿ ಅಲ್ಲೇ ದುಡಿಯುತ್ತಿದ್ದ ಆಕೆಯ ತಮ್ಮನ ಮೇಲೆ ಕಣ್ಣು ಹಾಕಿದ.

"ನಿನ್ನ ಭಾವನ ಜಾಗ ಕಣೋ. ಮನೇಲೇ ಉಳೀಲಿ."

ತಮ್ಮ ಹಲ್ಲು ಕಿರಿದ. ಬುತ್ತಿ ಬಿಚ್ಚುವಾಗ ಕಟ್ಟಕ್ಕ ಅಂದಳು, "ಅದಕ್ಕೆ ಕೈ ಹಾಕ್ಬೇಡ ಕಣೋ."

"ಸುಮ್ನಿರಕ್ಕ. ಭಾವಂಗೆ ಅಂದಾಜು ಸಾಲ್ಲಿಲ್ಲ, ಅಷ್ಟೇ."

"ಅವರೂ ತಮಗಿಂತ ಮುಂಚಿನವನ ಬಗ್ಗೆ ಹೀಗೇ ಅಂತಿದ್ರು."

ಮಧ್ಯಾಹ್ನ ಹಾಳೆ ಸಿಕ್ಕಿಕೊಂಡಿತು. "ಎಲ್ಲಪ್ಪಾ ನಮ್ಮ ಹೊಸ ರಿಸ್ಕರು?" ಮೇಸ್ತ್ರಿ ಕೂಗಿದ. ತಮ್ಮ ಅಂಗಿಯ ತೋಳು ಮಡಚಿದ. ಕಟ್ಟಕ್ಕ ಓಡಿಹೋಗಿ ಸ್ವಿಚ್ಚು ಎಳೆದಳು. ಸದ್ದಡಗಿತು. ನಿಂತೇಬಿಟ್ಟಿತೆಂದು ತಮ್ಮ ಬಗ್ಗಿ ಕೈ ಚಾಚಿದ. ಉರುಳೆ ಇನ್ನೂ ತಿರುಗುತ್ತಿತ್ತು. ಆಕೆ ಅವನ ಕಾಲರು ಹಿಡಿದು ಜಗ್ಗಿದಳು. ಇಬ್ಬರೂ ಒದ್ದೆ ನೆಲಕ್ಕೆ ಬಿದ್ದರು.

"ಯಾವಳೇ ಅದು, ಸ್ವಿಚ್ಚು ಎಳೆದೋಳು?" ಮೇಸ್ತ್ರಿ ಗುಡುಗಿದ.

"ನಾನೇ. ಕಣ್ಣು ಕಾಣಲ್ವಾ?"

"ನಾಳೆಯಿಂದ ಬರ್ಬೇಡ."

ಯಾರೋ 'ಸೇಫ್ಟಿ' ಎಂದು ನಕ್ಕರು. ತಮ್ಮನ ಮುಖ ಕಪ್ಪಿಟ್ಟಿತು. "ಎಲ್ಲರ ಮುಂದೆ ಮಾನ ಕಳೆದೆಯಲ್ಲೇ," ಎಂದವನು ಅವಳನ್ನು ಎಬ್ಬಿಸಲೂ ಇಲ್ಲ.

ಸಂಜೆ ಅವನು ಬೆನ್ನು ತಿರುಗಿಸಿ ಕೂತು ಉಂಡ. ತಟ್ಟೆಯಿಂದ ಬಾಯಿಗೆ ಹೋಗಿಬರುವ ಅವನ ಕೈಯನ್ನೇ ಆಕೆ ನೋಡುತ್ತಿದ್ದಳು. ನಾಳೆ ಅವನು ಹೋಗುತ್ತಾನೆ. ಸ್ವಿಚ್ಚಿನ ಹತ್ತಿರ ಯಾರೂ ಇರುವುದಿಲ್ಲ.

ಕೈ ತೊಳೆದು ಅವನು ಅಂದ, "ಬೆಳಿಗ್ಗೆ ಬೇಗ ಎಬ್ಬಿಸು."

ಆಕೆ ಬಾಗಿಲಿಗೆ ಅಡ್ಡವಾಗಿ ತನ್ನ ಚಾಪೆ ಹಾಸಿದಳು.