ಹಿಂಡಿ ತೆಂಪೆ ಕೊಟ್ಟ ಏಳು ಮನೆಗಳು

ಬಾನ್ಯುಮಾಸ್ ಸೀಮೆಯ ತುಕಿನೆಮ್ ಕೊಬ್ಬರಿ ಹಿಂಡಿಯಿಂದ ತೆಂಪೆ ಎಂಬ ಹುದುಗಿಸಿದ ತಿನಿಸು ಮಾಡುವುದನ್ನು ತಾಯಿಯಿಂದ ಕಲಿತಿದ್ದಳು. ಎಣ್ಣೆ ತೆಗೆದ ಹಿಂಡಿಯನ್ನು ವಿಷವೇರದಂತೆ ಹುಳಿಸೊಪ್ಪಿನ ಜೊತೆ ನೆನೆಹಾಕಿ, ಹಬೆಯಲ್ಲಿ ಬೇಯಿಸಿ, ಹಿಂದಿನ ತೆಂಪೆಯ ಬೂಸ್ಟು ಬೆರೆಸಿ ಬಾಳೆಲೆಯಲ್ಲಿ ಕಟ್ಟಿಟ್ಟರೆ ಎರಡು ದಿನಕ್ಕೆ ಬಿಳಿ ಬೂಸ್ಟು ಅದನ್ನೆಲ್ಲ ಹೆಣೆದು ಗಟ್ಟಿ ಮಾಡುತ್ತದೆ. ಹಳದಿಗೆ ತಿರುಗಿದರೆ ಮಾತ್ರ ಹೂಳಬೇಕು. ಅದನ್ನು ತಿಂದು ಮನೆಮಂದಿಯೆಲ್ಲ ಸತ್ತ ಕಥೆ ಊರಿನ ಮಕ್ಕಳಿಗೂ ಗೊತ್ತು.

ಆ ಒಣಗಾಲದಲ್ಲಿ ಗಿರಾಕಿಗಳು ಹುಳಿ ಜಾಸ್ತಿಯೆಂದು ಮೂಗು ಮುರಿದರು. ತುಕಿನೆಮ್ ಒಂದು ಸಲ ಸೊಪ್ಪು ಹಾಕದೆ ಮಾಡಿದಳು.

ಆ ಸಲದ ತೆಂಪೆಯನ್ನು ಬೆಳಿಗ್ಗೆ ಏಳು ಮನೆಗೆ ಕೊಟ್ಟು ಬಂದು, ತನಗೆಂದು ಉಳಿಸಿಕೊಂಡ ಪೊಟ್ಟಣ ಬಿಚ್ಚಿದಳು. ಒಂದು ಮೂಲೆ ಅರಿಸಿನ ತಾಗಿದಂತಿತ್ತು.  ಬುಟ್ಟಿ ಹಿಡಿದು ಓಡಿದಳು.

ಊರವರು ಅವಳನ್ನು 'ಯೂ', ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ಮೊದಲ ಮನೆಯ ವಾರ್ಸಿನಾ ನಕ್ಕಳು. "ಏನ್ ಯೂ, ಕೊಟ್ಟಿದ್ದನ್ನ ವಾಪಸ್ ಕೇಳೋಕೆ ಬಂದ್ಯಾ? ನಾಳೆ ನಾನು ಹಾಕಿದ್ ಮುಯ್ಯೀನೂ ವಾಪಸ್ ಕೊಡ್ತೀಯಾ?"

"ತಮಾಷೆ ಆಮೇಲೆ ಮಾಡೇ. ಎಲೆ ಬಿಚ್ಚು."

ಏಳು ಮನೆಯನ್ನೂ ಸುತ್ತಿ ಬಿಚ್ಚಿಸಿದ ಪೊಟ್ಟಣಗಳಲ್ಲಿ ಎರಡು ಹಳದಿಯಾಗಿದ್ದವು. ಅವನ್ನು ಬುಟ್ಟಿಗೆ ಹಾಕಿಕೊಂಡಳು. ಐದು ಹಾಲಿನಂತೆ ಬೆಳ್ಳಗಿದ್ದವು. ತಾನೇ ಮಡಚಿ ವಾಪಸು ಕೊಟ್ಟು ಉಸಿರುಬಿಟ್ಟಳು.

ಬಾವಿಯ ಹತ್ತಿರ ಔಷಧಾಲಯದ ಸುವರ್ನೊ ಸಿಕ್ಕ. ಬುಟ್ಟಿ ನೋಡಿ ಸೈಕಲ್ ನಿಲ್ಲಿಸಿದ.

"ಬೆಳ್ಳಗಿರೋದನ್ನ ಅವ್ರ ಹತ್ರನೇ ಬಿಟ್ರಾ ಯೂ?"

"ಅದು ಚೆನ್ನಾಗಿತ್ತಪ್ಪ."

"ಹಳದಿ ಬರೀ ಗುರುತು. ಕೊಲ್ಲೋ ವಿಷಕ್ಕೆ ಬಣ್ಣಾನೂ ಇಲ್ಲ, ವಾಸನೇನೂ ಇಲ್ಲ. ಕರಿದ್ರೂ ಹೋಗಲ್ಲ. ಒಂದೇ ಹಿಂಡಿಯಿಂದ ಮಾಡಿದ್ದು ತಾನೇ?"

ತುಕಿನೆಮ್ ಬುಟ್ಟಿಯನ್ನು ಅಲ್ಲೇ ಕುಕ್ಕಿ ಬಂದ ದಾರಿಯಲ್ಲೇ ಓಡಿದಳು. ಒಂದು ಮನೆಯಲ್ಲಿ ಬಾಣಲೆಯಿಂದಲೇ ಎತ್ತಿದಳು. ಇನ್ನೊಂದರಲ್ಲಿ ಬೈಗುಳ ತಿಂದಳು. ನಾಲ್ಕು ಸಿಕ್ಕವು. ಐದನೆಯ ಮನೆಯಲ್ಲಿ ದಾರ್ಸೊನ ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು. "ಅವ್ರು ಬುತ್ತಿ ಕಟ್ಕೊಂಡು ಗದ್ದೆಗೆ ಹೋದ್ರಲ್ಲ!"

ಬದುವಿನ ಮೇಲೆ ಓಡುತ್ತಾ ಎರಡು ಸಲ ಮುಗ್ಗರಿಸಿ ಬಿದ್ದಳು. ದೂರದಿಂದಲೇ ಕೂಗಿದಳು, "ಕಾಂಗ್, ಅಣ್ಣಾ, ತಿನ್ಬೇಡ!"

ದಾರ್ಸೊ ಬೆರಳು ನೆಕ್ಕುತ್ತಿದ್ದ. "ತಡವಾಯ್ತು ಬಿಡು, ಒಂದೇ ಚೂರು ಉಳಿದಿರೋದು. ಇವತ್ತು ಹುಳೀನೇ ಇಲ್ಲ ಕಣೇ, ಚೆನ್ನಾಗಿತ್ತು!"

ಕುದುರೆಗಾಡಿಯಲ್ಲಿ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅವನು ತಮಾಷೆ ಮಾಡಿದ. "ನನ್ ಹೆಂಡ್ತಿ ಅಡುಗೆ ತಿಂದು ಇಪ್ಪತ್ ವರ್ಷ ಬದುಕಿದೀನಿ, ಇದ್ಯಾವ ಲೆಕ್ಕ?" ಅವನ ಹೆಂಡತಿ ನಗಲಿಲ್ಲ. ಸಂಜೆಯ ಹೊತ್ತಿಗೆ ಅವನು ಮಾತು ನಿಲ್ಲಿಸಿದ. ಆಮೇಲೆ ಮೆಲ್ಲಗೆ ಕೇಳಿದ, "ಯೂ, ನೀನ್ಯಾಕೆ ಇಬ್ಬರಾಗಿ ಕಾಣ್ತಿದೀಯ?"

ಮೂರು ದಿನ ಅವನಿಗೆ ಒಂದು ವಸ್ತು ಎರಡಾಗಿ ಕಂಡಿತು. ಹೊಟ್ಟೆಯಲ್ಲಿ ನೀರೂ ನಿಲ್ಲಲಿಲ್ಲ. ತುಕಿನೆಮ್ ಆಸ್ಪತ್ರೆಯ ಜಗಲಿಯಲ್ಲೇ ಕುಳಿತಿದ್ದಳು. ಒಳಗಿಂದ ಯಾರು ಬಂದರೂ ಅವರ ಮುಖ ನೋಡಲು ಹೆದರಿ ಕಾಲು ನೋಡುತ್ತಿದ್ದಳು. ನಾಲ್ಕನೆಯ ದಿನ ಅವನು ಗಂಜಿ ಕೇಳಿದ.

ಅವಳು ಮತ್ತೆ ಹಿಂಡಿ ಮುಟ್ಟಲಿಲ್ಲ. ಈಗ ಸೋಯಾ ಕಾಳಿನ ತೆಂಪೆ ಮಾಡುತ್ತಾಳೆ. ಅದರಲ್ಲಿ ಆ ಭಯವಿಲ್ಲವೆಂದು ಸುವರ್ನೊ ನೂರು ಸಲ ಹೇಳಿದ್ದಾನೆ. ಆದರೂ ಊರಲ್ಲಿ ಯಾರಿಗಾದರೂ ಹೊಟ್ಟೆನೋವೆಂದು ಕಿವಿಗೆ ಬಿದ್ದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು, ಇವತ್ತು ಯಾರ‍್ಯಾರ ಮನೆಗೆ ಕೊಟ್ಟೆನೆಂದು ಬೆರಳು ಮಡಚಿ ಎಣಿಸತೊಡಗುತ್ತಾಳೆ.