ಬಿಚ್ಚದೆ ಬಿಟ್ಟ ಚೀಲ

ಡಾಂಬರು ರಸ್ತೆ ಮುಗಿದು ಬೆಟ್ಟದ ಕಾಲುದಾರಿ ಶುರುವಾಗುವಲ್ಲಿ ಮರದ ಕೋಣೆಯೊಂದಿದೆ. ಹದಿನೆಂಟು ವರ್ಷದಿಂದ ಅಲ್ಲಿ ಕೂತು ಚಾರಣಿಗರ ಚೀಲ ಬಿಚ್ಚಿಸಿ ನೋಡುವವಳಿಗೆ ಗೈಡುಗಳು ಇಟ್ಟ ಹೆಸರು ಜರಡಿಯಕ್ಕ. ಎಲೆ ಉದುರುವ ಕಾಲ ಬಂತೆಂದರೆ ಅವಳ ಬಾಯಿ ಇನ್ನಷ್ಟು ಜೋರಾಗುತ್ತಿತ್ತು.

‘ಬಿಸಿಲಿದೆ ಅಂತ ನಂಬ್ಬೇಡಿ. ಎರಡು ಗಂಟೆ ಆದ್ಮೇಲೆ ಇನ್ನೂ ಮೇಲಕ್ಕೆ ಹತ್ತಬೇಡಿ, ಬೇಗ ಕತ್ತಲಾಗತ್ತೆ. ಹತ್ತಿ ಬಟ್ಟೆ ನೆಂದ್ರೆ ಮುಗೀತು ಕಥೆ. ಇನ್ನೊಂದು ಬೆಚ್ಚನೆ ಅಂಗಿ ಎಲ್ಲಿ? ಟಾರ್ಚ್ ಎಲ್ಲಿ?’

ಇಲ್ಲವೆಂದವರನ್ನು ಮುಲಾಜಿಲ್ಲದೆ ಹಿಂದಕ್ಕೆ ಕಳಿಸುತ್ತಿದ್ದಳು.

ಅವಳ ತಮ್ಮನೂ ಗೈಡೇ. ಆ ಬೆಳಿಗ್ಗೆ ವಯಸ್ಸಾದ ದಂಪತಿಯನ್ನು ಕರೆದುಕೊಂಡು ಬಂದ. ಬೆಟ್ಟದ ಮೇಲಿನ ತಂಗುಮನೆಯಲ್ಲಿ ಒಂದು ರಾತ್ರಿ ಉಳಿದು ಮರಳುವವರಿದ್ದರು. ಅವರ ಚೀಲ ನೋಡಿ ಮುಗಿಸಿ ಅವಳು ತಮ್ಮನತ್ತ ಕೈ ಚಾಚಿದಳು.

‘ನಂದೂ ನೋಡ್ತೀಯಾ? ನೀನು ನನಗೆ ಚಡ್ಡಿ ಹಾಕ್ತಿದ್ದ ಕಾಲ ಹೋಯ್ತು ಕಣಕ್ಕಾ!’

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕು, ‘ಹೋಗೋ, ಹೋಗು’ ಎಂದಳು.

ಮಧ್ಯಾಹ್ನವೇ ಹಿಮ ಸುರಿಯತೊಡಗಿತು. ಮರುದಿನ ಯಾರೂ ಇಳಿದು ಬರಲಿಲ್ಲ. ಮೂರನೆಯ ದಿನ ಹುಡುಕಲು ಹೋದವರಿಗೆ ದಂಪತಿ ಬಂಡೆಯ ಸಂದಿಯಲ್ಲಿ ಜೀವಂತ ಸಿಕ್ಕರು. ಹೆಂಗಸಿನ ಮೈಮೇಲೆ ತಮ್ಮನ ಕೋಟಿತ್ತು. ಆಕೆ ಚೀಲ ಸಮೇತ ತೊರೆಗೆ ಜಾರಿದ್ದಳಂತೆ. ತನ್ನ ಕೋಟು ಹೊದಿಸಿ, ಜನರನ್ನು ಕರೆತರುತ್ತೇನೆಂದು ಹೊರಟವನು ತಂಗುಮನೆಗೆ ಕಾಲು ಗಂಟೆ ದೂರದಲ್ಲಿ ಕೂತಲ್ಲೇ ಹೋಗಿಬಿಟ್ಟಿದ್ದ.

ಗುರುತು ಹಿಡಿಯಲು ಕರೆದಾಗ ಅವಳು ಮೊದಲು ಅವನ ಚೀಲ ಬಿಚ್ಚಿದಳು. ಬಿಸ್ಕತ್ತು, ಹಗ್ಗ, ಟಾರ್ಚ್, ಒಂದು ಜೊತೆ ಕಾಲುಚೀಲ. ಬೆಚ್ಚನೆ ಅಂಗಿ ಇರಲಿಲ್ಲ. ಒಂದೊಂದನ್ನೂ ಮೇಜಿನ ಮೇಲಿಟ್ಟು, ಮತ್ತೆ ಒಳಗಿಟ್ಟು, ಜಿಪ್ ಎಳೆದಳು. ಅಳು ಬರಲಿಲ್ಲ. ನೋವು ಎಲ್ಲಿದೆಯೆಂದು ಒಳಗೆಲ್ಲ ತಡಕಿದಳು. ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗೆ ಎಲ್ಲ ಜೋಮು ಹಿಡಿದಿತ್ತು.

ವಾರ ಕಳೆದ ಮೇಲೆ ತಮ್ಮನ ಹೆಂಡತಿ ಅಡುಗೆಮನೆಯಲ್ಲಿ ಕೇಳಿದಳು:

‘ಅಕ್ಕಾ, ಅವತ್ತು ನಿಮ್ಮ ತಮ್ಮನ ಚೀಲ ನೋಡಿದ್ರಾ?’

‘ಇಲ್ಲ.’

ತಮ್ಮನ ಹೆಂಡತಿ ಬೈಯಲಿಲ್ಲ. ತೊಳೆದ ಲೋಟವನ್ನು ಬೋರಲು ಹಾಕಿ ಹೇಳಿದಳು: ‘ಅಂಗಿ ಒಣಗಿರ್ಲಿಲ್ಲ. ತಂತಿ ಮೇಲೇ ಇತ್ತು. ಅವರು ಹೊರಟಾಗ ನಾನೂ ನೋಡ್ದೆ, ಸುಮ್ಮನಾದೆ.’

ಜರಡಿಯಕ್ಕ ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದಳು.

ಮೇಲಧಿಕಾರಿ ರಜೆ ತೆಗೆದುಕೊಳ್ಳಲು ಹೇಳಿದರೂ ಜರಡಿಯಕ್ಕ ಒಪ್ಪಲಿಲ್ಲ. ಮನೆಯಲ್ಲಿ ಕೂತು ಮಾಡುವುದೇನು ಎಂದು ಅವಳಿಗೆ ತಿಳಿಯಲಿಲ್ಲ. ಈಗ ಗೈಡುಗಳನ್ನೂ ಬಿಡುವುದಿಲ್ಲ.

‘ನಲವತ್ತು ವರ್ಷದಿಂದ ಹತ್ತಿದೀನಮ್ಮ, ನನ್ನದೂನಾ?’ ಎಂದು ಹಿರಿಯ ಗೈಡೊಬ್ಬ ಮುಖ ಊದಿಸಿಕೊಂಡ.

‘ನಿಮ್ಮದೂ.’

ಅವಳ ದನಿಯಲ್ಲಿ ಮೊದಲಿನ ಗದರಿಕೆ ಇರಲಿಲ್ಲ. ಬಸ್ಸಿನ ವೇಳೆ ಹೇಳುವವರ ದನಿಯಂತಿತ್ತು. ಮುದುಕ ಗೊಣಗದೆ ಬಿಚ್ಚಿದ.

ಮರುವರ್ಷ ತಮ್ಮನ ಹೆಂಡತಿಗೂ ಅದೇ ಕೋಣೆಯಲ್ಲಿ ಕೆಲಸ ಸಿಕ್ಕಿತು. ಮಧ್ಯಾಹ್ನ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಊಟದ ಡಬ್ಬಿ ತೆರೆಯುತ್ತಾರೆ. ಒಬ್ಬಳು ಉಪ್ಪು ಕೇಳಿದರೆ ಇನ್ನೊಬ್ಬಳು ಕೊಡುತ್ತಾಳೆ.